ಬಿದ್ದವನ ತೂಕ

ಪೈಲ್ವಾನನ ಗೆಲುವುಗಳನ್ನು ಯಾರು ಬೇಕಾದರೂ ಎಣಿಸಬಹುದು. ತೂಗಬೇಕಾದರೆ ಮಾತ್ರ ಅವನ ಕೈಲಿ ಬಿದ್ದವರನ್ನು ತಕ್ಕಡಿಗೆ ಹಾಕಬೇಕು. ಗರಡಿಯ ಹಿರಿಯರು ಬಲ್ಲ ಈ ವಿದ್ಯೆ ಹಾಸನ ಸೀಮೆಯ ಕಲ್ಲುಗಳಿಗೂ ಗೊತ್ತು.

ಅರಕಲಗೂಡು ಸೀಮೆಯ ಒಂದು ಊರಹಬ್ಬ. ಬಿಸಿಲು ಇನ್ನೂ ಇಳಿದಿರಲಿಲ್ಲ. ಕಟಾವು ಮುಗಿದ ಗದ್ದೆಗೆ ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ತಂದು ಸುರಿದಿದ್ದರು. ನಾಲ್ಕು ಹುಡುಗರು ಸನಿಕೆ ಹಿಡಿದು ಹೆಂಟೆ ಒಡೆಯುತ್ತಿದ್ದರು, ಇನ್ನೊಬ್ಬ ಕಲ್ಲು ಆರಿಸಿ ಬದುವಿನಾಚೆ ಎಸೆಯುತ್ತಿದ್ದ. ಹೊಂಗೆ ಮರದ ನೆರಳಲ್ಲಿ ಒಂದು ಮೇಜು, ಮೇಜಿನ ಮೇಲೆ ಗೆರೆ ಹಾಕಿದ ನೋಟ್‌ಬುಕ್ಕು, ಅದರ ಹಿಂದೆ ಬಿಳಿ ಪಂಚೆಯ ಹಿರಿಯ ಉಸ್ತಾದರು. ಜೋಡಿ ಕಟ್ಟುವ ಕೆಲಸ ಅವರದು. ಸಂಜೆ ಯಾರ ಎದುರು ಯಾರು ಹಿಡಿಯಬೇಕು ಎನ್ನುವುದು ತೀರ್ಮಾನ ಆಗುವುದು ಆ ಮೇಜಿನಲ್ಲೇ.

ಹೊಳೆನರಸೀಪುರದ ಕಡೆಯಿಂದ ಬಂದಿದ್ದ ಹುಡುಗನೊಬ್ಬ ಎದೆಯುಬ್ಬಿಸಿ ಮುಂದೆ ನಿಂತ. ವಯಸ್ಸು ಇಪ್ಪತ್ತು ದಾಟಿರಲಾರದು.

“ಹದಿನೇಳು ಕುಸ್ತಿ ಗೆದ್ದಿವ್ನಿ ತಾತ. ಒಂದ್ರಲ್ಲೂ ಬಿದ್ದಿಲ್ಲ.”

“ಲೆಕ್ಕ ಆಮೇಲೆ ಹೇಳೀಯಂತೆ ಕಣಪ್ಪ. ಯಾರ್ಯಾರ ಜೊತೆ ಹಿಡ್ದೆ, ಅದ ಹೇಳು.”

ಹುಡುಗ ಬೆರಳು ಮಡಿಚತೊಡಗಿದ. ಮೊದಲ ನಾಲ್ಕು ಹೆಸರು ಸಲೀಸಾಗಿ ಬಂದವು. ಐದನೆಯವನ ಊರು ನೆನಪಿತ್ತು, ಹೆಸರು ಇರಲಿಲ್ಲ. ಎಂಟನೆಯವನದು ಎರಡೂ ಇರಲಿಲ್ಲ. “ಯಾರೋ ಚನ್ನರಾಯಪಟ್ಟಣದ ಕಡೆಯೋನು ತಾತ, ದಪ್ಪಕ್ಕಿದ್ದ” ಎಂದ. ಮುಂದೆ ಒಂದು ಹೆಸರು ಬಂದಾಗ ಉಸ್ತಾದರ ಪೆನ್ನು ನಿಂತಿತು.

“ಅವ್ನಾ? ಯಾವಾಗ ಸಿಕ್ಕಿದ್ದ ನಿಂಗೆ? ಭುಜ ಕಳಚ್ಕೊಂಡಿದ್ನಲ್ಲ, ಅದಕ್ಕೆ ಮುಂಚೇನೋ ಆಮೇಲೋ?”

ಹುಡುಗನಿಗೆ ಗೊತ್ತಿರಲಿಲ್ಲ. ಉಸ್ತಾದರು ಎದ್ದು ಬಂದು ಅವನ ಕುತ್ತಿಗೆಗೆ ಕೈಹಾಕಿ ಅಲುಗಿಸಿ ನೋಡಿದರು, ಹೆಬ್ಬೆರಳಿನಿಂದ ಕಿವಿಯ ಅಂಚು ಒತ್ತಿದರು. ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ಹಿಡಿದವನ ಕಿವಿ ಗಂಟುಗಟ್ಟಿರುತ್ತದೆ. ಈ ಹುಡುಗನ ಕಿವಿ ಇನ್ನೂ ಮೆತ್ತಗಿತ್ತು. ಅವರು ಏನೂ ಹೇಳದೆ ಮೇಜಿಗೆ ಮರಳಿ, ಹಾಸನದ ಗರಡಿಯೊಂದರಿಂದ ಬಂದಿದ್ದ, ಎರಡು ಸಲ ಬಿದ್ದವನೆಂದು ತಾನೇ ಒಪ್ಪಿಕೊಂಡಿದ್ದ ಇನ್ನೊಬ್ಬನ ಹೆಸರಿನ ಪಕ್ಕ ಇವನ ಹೆಸರು ಬರೆದರು.

ಯಾರನ್ನು ಕೆಡವಿದೆ? ಕೆಡವಿದ ದಿನ ಅವನು ಹೇಗಿದ್ದ? ಆ ಮೇಜಿನ ಪಕ್ಕದಲ್ಲಿ ಕಿವಿಗೆ ಬಿದ್ದ ಈ ಎರಡು ಪ್ರಶ್ನೆಗಳನ್ನು ನಾನು ಅಲ್ಲಿಂದ ಮನೆಗೆ ತಂದೆ. ಮಲ್ಲರ, ಮುಷ್ಟಿಕಾಳಗದವರ, ಕತ್ತಿ ಹಿಡಿದ ವೀರರ ಕತೆ ಓದುವಾಗೆಲ್ಲ ಅವೇ ಎದುರು ಬಂದು ನಿಲ್ಲುತ್ತವೆ.

ಜೋಡಿ ಎಂಬ ನ್ಯಾಯ

ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಅಂಟಿದರೆ ಚಿತ್, ಇಬ್ಬರೂ ಬೀಳದಿದ್ದರೆ ಸಮ. ನೋಡುವವರಿಗೆ ಅಷ್ಟು ಸರಳ. ಆದರೆ ಆ ಒಂದು ಚಿತ್‌ಗೆ ಬೆಲೆ ಬರುವುದು ಜೋಡಿ ಸರಿಯಾಗಿದ್ದಾಗ ಮಾತ್ರ. ಆನೆಗೆ ಆಡು ಕಟ್ಟಿದರೆ ಜನ ಶಿಳ್ಳೆ ಹೊಡೆಯುವುದಿಲ್ಲ, ಎದ್ದು ಕಡಲೆಕಾಯಿ ಕೊಳ್ಳಲು ಹೋಗುತ್ತಾರೆ. ತಪ್ಪು ಜೋಡಿಯಿಂದ ಸೋತವನಿಗೆ ಏಟು, ಗೆದ್ದವನಿಗೂ ಅವಮಾನ.

ಮೈಸೂರು ದಸರೆಯಲ್ಲಿ ಪಂದ್ಯಗಳಿಗೆ ಮೊದಲು ಜೋಡಿ ಕಟ್ಟುವುದೇ ಒಂದು ಕಾರ್ಯಕ್ರಮ. ಹಾಸನ, ಮಂಡ್ಯ, ಚಾಮರಾಜನಗರದಿಂದ ಹಿಡಿದು ಬೆಳಗಾವಿ, ದಾವಣಗೆರೆಯ ತನಕ ಪೈಲ್ವಾನರು ಬಂದು ಸಾಲು ನಿಲ್ಲುತ್ತಾರೆ. ವಯಸ್ಸು, ತೂಕ, ಹಿಂದೆ ಹಿಡಿದ ಕುಸ್ತಿ ಎಲ್ಲವನ್ನೂ ವಿಚಾರಿಸಿ ಹಿರಿಯರು ಒಬ್ಬೊಬ್ಬರ ಕೈಯನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಆಮೇಲೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಆ ಜೋಡಿಗಳು ಮಣ್ಣಿಗಿಳಿಯುತ್ತವೆ.

ನಮ್ಮಲ್ಲಿ ಬಾಕ್ಸಿಂಗಿಗೆ ತೀರ ಹತ್ತಿರದ ಕಲೆ ಎಂದರೆ ವಜ್ರಮುಷ್ಟಿ ಕಾಳಗ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ತೊಟ್ಟು ಎದುರು ಬದುರಾಗುತ್ತಾರೆ. ಯಾರದಾದರೂ ತಲೆಯಲ್ಲಿ ರಕ್ತ ಕಾಣಿಸಿದೊಡನೆ ಕಾಳಗ ಮುಗಿಯುತ್ತದೆ, ಹೆಚ್ಚೆಂದರೆ ಕೆಲವು ಗಳಿಗೆ. ಅಷ್ಟು ಚಿಕ್ಕ ಕಾಳಗಕ್ಕೂ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳಲ್ಲಿ ಜೋಡಿಗಳನ್ನು ಮೊದಲೇ ಆರಿಸಿಡುತ್ತಾರೆ.

ಈ ಎಚ್ಚರ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಅಧ್ಯಾಯವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುವ ಬಗೆ ಅಲ್ಲಿದೆ, ಅವರಿಗೆ ಏನು ಉಣಿಸಬೇಕು ಎಂಬುದೂ ಇದೆ. ಸಮರಲ್ಲದವರ ಕುಸ್ತಿ ನೋಡುವುದರಲ್ಲಿ ಸುಖವಿಲ್ಲವೆಂದು ಆ ದೊರೆಗೆ ಗೊತ್ತಿತ್ತು.

49ರ ಲೆಕ್ಕ

ಬಾಕ್ಸಿಂಗ್ ಲೋಕದಲ್ಲಿ ಹೊಂಗೆ ಮರದ ಕೆಳಗಿನ ಆ ಮೇಜು ಇಲ್ಲ. ಅಲ್ಲಿ ಜೋಡಿ ಕಟ್ಟುವುದರಲ್ಲಿ ಟಿಕೆಟ್ಟಿನ ದುಡ್ಡಿಗೂ ಪಾಲಿದೆ. ಹಾಗಾಗಿ ಹೆವಿವೇಟ್ ಚಾಂಪಿಯನ್ ಒಬ್ಬನ ಹಿಂದಿನ ಎದುರಾಳಿಗಳು ನಿಜಕ್ಕೂ ಎಷ್ಟು ಗಟ್ಟಿ ಎಂಬ ಜಗಳ ಅಲ್ಲಿ ಎಂದೂ ಮುಗಿಯುವುದಿಲ್ಲ.

ಅಮೆರಿಕದ ರಾಕಿ ಮಾರ್ಸಿಯಾನೊ ಹೆವಿವೇಟ್ ಪಟ್ಟದಿಂದ ನಿವೃತ್ತನಾದಾಗ ಅವನ ಲೆಕ್ಕ 49 ಗೆಲುವು, ಸೊನ್ನೆ ಸೋಲು. ಅದರಲ್ಲಿ 43 ನಾಕೌಟ್. ನಮ್ಮ ಹುಡುಗನ ಹದಿನೇಳರ ಹಾಗೆಯೇ ಈ 49 ಕೂಡ ಮೊದಲ ನೋಟಕ್ಕೆ ಕಣ್ಣು ಕುಕ್ಕುತ್ತದೆ. ಉಸ್ತಾದರ ಪ್ರಶ್ನೆ ಹಾಕಿ ನೋಡೋಣ. ಮಾರ್ಸಿಯಾನೊ 1951ರಲ್ಲಿ ಕೆಡವಿದ ಜೋ ಲೂಯಿಸ್ ಜಗತ್ತಿನ ಅತಿ ದೊಡ್ಡ ಹೆಸರು. ತನ್ನ ಪಟ್ಟವನ್ನು 25 ಸಲ ಉಳಿಸಿಕೊಂಡವನು. ಆದರೆ ಆ ರಾತ್ರಿ ಅವನಿಗೆ 37 ವರ್ಷ. ಒಮ್ಮೆ ನಿವೃತ್ತನಾಗಿ, ತೆರಿಗೆಯ ಸಾಲ ಬೆನ್ನಿಗೆ ಬಿದ್ದು ರಿಂಗಿಗೆ ಮರಳಿದವನು. 1952ರಲ್ಲಿ ಪಟ್ಟ ಕಳೆದುಕೊಂಡ ಜೆರ್ಸಿ ಜೋ ವಾಲ್ಕಾಟ್‌ಗೆ 38. 1955ರಲ್ಲಿ ಸಿಕ್ಕ ಆರ್ಚಿ ಮೂರ್ ಕೂಡ ಯೌವನ ದಾಟಿದವನೇ.

ಇಷ್ಟು ಕೇಳಿ ಹಲವರು ಮಾರ್ಸಿಯಾನೊನನ್ನು ತಕ್ಕಡಿಯಿಂದ ಇಳಿಸಿಬಿಡುತ್ತಾರೆ. ಅದು ಅವಸರದ ತೀರ್ಪು. ಮಾರ್ಸಿಯಾನೊನ ಮುಂದೆ ನಿಲ್ಲುವ ಮೊದಲು ಅದೇ ಲೂಯಿಸ್ ಸಾಲಾಗಿ ಎಂಟು ಪಂದ್ಯ ಗೆದ್ದಿದ್ದ. 38ರ ವಾಲ್ಕಾಟ್ ಮೊದಲ ಸುತ್ತಿನಲ್ಲೇ ಮಾರ್ಸಿಯಾನೊನನ್ನು ನೆಲಕ್ಕೆ ಕೆಡವಿದ್ದ, 12 ಸುತ್ತು ಮುಗಿದಾಗ ಅಂಕಗಳಲ್ಲಿ ಮುಂದಿದ್ದ. 13ನೇ ಸುತ್ತಿನ ಒಂದು ಬಲಗೈ ಏಟು ಎಲ್ಲವನ್ನೂ ಬದಲಿಸಿತು. ವಯಸ್ಸು ಕೇಳಿದರೆ ಸಾಲದು, ಆ ವಯಸ್ಸಿನಲ್ಲೂ ಅವನೊಳಗೆ ಎಷ್ಟು ಉಳಿದಿತ್ತು ಎಂದು ಕೇಳಬೇಕು. ಭುಜ ಕಳಚಿಕೊಂಡದ್ದು ನಿಜ ಇರಬಹುದು, ಕೂಡಿಕೊಂಡಿತ್ತೋ ಇಲ್ಲವೋ?

ಇನ್ನೊಂದು ಉದಾಹರಣೆ ಇನ್ನೂ ಹರಿತ. 1990ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ಮೈಕ್ ಟೈಸನ್ ಎದುರು ಬಸ್ಟರ್ ಡಗ್ಲಸ್ ನಿಂತಾಗ ಅವನ ಮೇಲೆ ಬಾಜಿ ಕಟ್ಟುವವರೇ ಇರಲಿಲ್ಲ. ಬಾಜಿಯ ದರ ಒಂದಕ್ಕೆ 42. ಮೂರು ವಾರದ ಹಿಂದಷ್ಟೇ ಅವನು ತಾಯಿಯನ್ನು ಕಳೆದುಕೊಂಡಿದ್ದ. ಹತ್ತನೇ ಸುತ್ತಿನಲ್ಲಿ ಟೈಸನ್ ನೆಲದ ಮೇಲೆ ತಡವರಿಸುತ್ತ ಬಾಯಿಂದ ಜಾರಿದ ಹಲ್ಲುಗಾಪನ್ನು ಹುಡುಕುತ್ತಿದ್ದ. ಎಂಟು ತಿಂಗಳಾದ ಮೇಲೆ ಅದೇ ಡಗ್ಲಸ್ ಮೈ ಬೆಳೆಸಿಕೊಂಡು ಬಂದು ಇವಾಂಡರ್ ಹೋಲಿಫೀಲ್ಡ್ ಎದುರು ಮೂರೇ ಸುತ್ತಿಗೆ ಬಿದ್ದ. ಫೆಬ್ರುವರಿಯ ಡಗ್ಲಸ್ ಬೇರೆ, ಅಕ್ಟೋಬರಿನ ಡಗ್ಲಸ್ ಬೇರೆ. ಹೋಲಿಫೀಲ್ಡನ ಲೆಕ್ಕದಲ್ಲಿ ಮಾತ್ರ ಅವನು ‘ಟೈಸನ್‌ನನ್ನು ಕೆಡವಿದವನು’ ಎಂದೇ ಉಳಿದ.

ಇವನು ಅವನನ್ನು ಗೆದ್ದ, ಅವನು ಇನ್ನೊಬ್ಬನನ್ನು ಗೆದ್ದ, ಆದ್ದರಿಂದ ಇವನೇ ದೊಡ್ಡವನು ಎಂಬ ಸರಪಳಿ ಲೆಕ್ಕವೂ ನಿಲ್ಲುವುದಿಲ್ಲ. ಜೋ ಫ್ರೇಜಿಯರ್ ಮತ್ತು ಕೆನ್ ನಾರ್ಟನ್ ಇಬ್ಬರೂ ಮುಹಮ್ಮದ್ ಅಲಿಯನ್ನು ಒಮ್ಮೊಮ್ಮೆ ಸೋಲಿಸಿದ್ದರು. ಆ ಇಬ್ಬರನ್ನೂ ಜಾರ್ಜ್ ಫೋರ್‌ಮನ್ ಎರಡೆರಡೇ ಸುತ್ತಿನಲ್ಲಿ ಮುಗಿಸಿದ. ಸರಪಳಿಯ ಪ್ರಕಾರ ಫೋರ್‌ಮನ್ ಎದುರು ಅಲಿ ನಿಲ್ಲಲೇಬಾರದಿತ್ತು. 1974ರ ಅಕ್ಟೋಬರಿನಲ್ಲಿ ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೊರಗಿ ಏಟು ತಿಂದು ತಿಂದು, ಫೋರ್‌ಮನ್‌ನ ತೋಳು ಸೋತ ಮೇಲೆ ಎಂಟನೇ ಸುತ್ತಿನಲ್ಲಿ ಅವನನ್ನು ಉರುಳಿಸಿದ. ಪ್ರತಿ ಪಟ್ಟಿಗೂ ಒಂದು ಬಿಡಿಪಟ್ಟು ಇದೆಯೆಂದು ಗರಡಿಯವರು ಹೇಳುವುದು ಇದನ್ನೇ.

ನಮ್ಮವನೇ ಆದ ಗಾಮಾ ಪೈಲ್ವಾನನ ಲೆಕ್ಕದಲ್ಲಿ ಈ ಪಾಠ ಎದ್ದು ಕಾಣುತ್ತದೆ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೋ ಎರಡು ಗಂಟೆಗೂ ಮೀರಿ ಹೊಟ್ಟೆ ನೆಲಕ್ಕಂಟಿಸಿ ಮಲಗಿ ಗಾಮಾನಿಂದ ತಪ್ಪಿಸಿಕೊಂಡ. ಕುಸ್ತಿ ಸಮ. ವಾರದ ನಂತರ ಮತ್ತೆ ಹಿಡಿಯಲು ಕರೆದರೆ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಅದೇ ಜ್ಬಿಸ್ಕೋನನ್ನು ಗಾಮಾ ಒಂದು ನಿಮಿಷದೊಳಗೆ ಚಿತ್ ಮಾಡಿದ. ಜನ ನೆನೆಯುವುದು ಆ ನಿಮಿಷವನ್ನು. ಆದರೆ 1928ರ ಜ್ಬಿಸ್ಕೋಗೆ ಐವತ್ತು ಹತ್ತಿರವಾಗಿತ್ತು. ನನ್ನ ತಕ್ಕಡಿಯಲ್ಲಿ ಲಂಡನ್ನಿನ ಆ ಸಮಕುಸ್ತಿಯೇ ಹೆಚ್ಚು ತೂಗುತ್ತದೆ. ಹರೆಯದ, ಮದವೇರಿದ ಮಲ್ಲನೊಬ್ಬ ಗೆಲ್ಲುವ ಆಸೆಯನ್ನೇ ಬಿಟ್ಟು ಮಣ್ಣು ಕಚ್ಚಿ ಮಲಗಿದ್ದು ಅಂದು.

ಕಲ್ಲು ಬರೆದಿಟ್ಟ ಹೆಸರು

ಎದುರಾಳಿಯ ಹೆಸರನ್ನು ಕಾಪಾಡುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ಕನ್ನಡ ಅಕ್ಷರದಷ್ಟೇ ಹಳೆಯದು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಕನ್ನಡದ ಮೊದಲ ಶಾಸನವೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಕಾಲ ಸುಮಾರು ಕ್ರಿ.ಶ. 450. ಅದರ ವಿಷಯ ಏನೆಂದು ಕೇಳಿದರೆ ಬಹಳ ಜನ ತಡವರಿಸುತ್ತಾರೆ. ವಿಜಾರಸನೆಂಬ ವೀರ ಕೇಕಯ, ಪಲ್ಲವರನ್ನು ಕಾದಿ ಇರಿದು ಜಯ ಪಡೆದ, ಅದಕ್ಕಾಗಿ ಅವನಿಗೆ ‘ಬಾಳ್ಗಳ್ಚು’ ಕೊಟ್ಟರು, ಅಂದರೆ ಕತ್ತಿ ತೊಳೆದ ಗೌರವಕ್ಕೆ ಹಳ್ಳಿಗಳ ದತ್ತಿ. ಗೆದ್ದ ಎಂದಷ್ಟೇ ಕೆತ್ತಿ ಬಿಡಬಹುದಿತ್ತು. ಯಾರನ್ನು ಎಂಬುದನ್ನೂ ಕೆತ್ತಿದರು. ಪಲ್ಲವರೆಂಬ ಹೆಸರಿನಿಂದಲೇ ವಿಜಾರಸನ ಕತ್ತಿಗೆ ಬೆಲೆ ಬಂತು.

ಹೊಯ್ಸಳರ ಕಾಲಕ್ಕೆ ಸೋತವರ ನಾಡು ಗೆದ್ದವನ ಬಿರುದಿನೊಳಗೇ ಬಂದು ಕುಳಿತಿತು. ವಿಷ್ಣುವರ್ಧನ ‘ತಲಕಾಡುಗೊಂಡ’. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದ 1117ಕ್ಕೆ ಒಂದು ವರ್ಷದ ಹಿಂದೆ ಚೋಳರಿಂದ ತಲಕಾಡು ಹೊಯ್ಸಳರ ಕೈಗೆ ಬಂದಿತ್ತು. ಚೋಳರ ಸಾಮಂತ ಅದಿಯಮನನ್ನು ಎದುರಿಸಿ ಗೆದ್ದವನು ದಂಡನಾಯಕ ಗಂಗರಾಜ. ಬಿರುದು ದೊರೆಗೆ ಹೋಯಿತು. ಆದರೆ ಶ್ರವಣಬೆಳಗೊಳದ ಶಾಸನಗಳು ಗಂಗರಾಜನನ್ನು ಮರೆಯಲಿಲ್ಲ. ಗೊಮ್ಮಟನ ಸುತ್ತ ಇಂದು ನಾವು ಕಾಣುವ ಸುತ್ತಾಲಯ ಕಟ್ಟಿಸಿದವನೂ ಅವನೇ. ಮಣ್ಣಿಗಿಳಿದವನು ಯಾರು, ಗದೆ ಹೊತ್ತವನು ಯಾರು ಎಂಬುದನ್ನೂ ಲೆಕ್ಕ ನೋಡುವವರು ವಿಚಾರಿಸಬೇಕು.

ಈ ಲೆಕ್ಕವನ್ನು ಅತಿ ಚೊಕ್ಕಟವಾಗಿ ಇಟ್ಟವನು ಚಾವುಂಡರಾಯ. ಗಂಗರ ಮಂತ್ರಿ, ದಂಡನಾಯಕ, 978ರ ‘ಚಾವುಂಡರಾಯ ಪುರಾಣ’ದ ಕರ್ತೃ. ಅವನ ಒಂದೊಂದು ಬಿರುದಿಗೂ ಒಂದೊಂದು ರಣರಂಗದ ರಸೀದಿ ಇದೆ. ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಗೆದ್ದದ್ದಕ್ಕೆ ‘ಸಮರಧುರಂಧರ’. ಗೋನೂರಿನ ಬಯಲಲ್ಲಿ ನೊಳಂಬರ ಎದುರು ತೋರಿದ ಶೌರ್ಯಕ್ಕೆ ‘ವೀರಮಾರ್ತಾಂಡ’. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿದ್ದಕ್ಕೆ ‘ರಣರಂಗಸಿಂಗ’. ಉಸ್ತಾದರ ಮೇಜಿನ ಮುಂದೆ ಚಾವುಂಡರಾಯ ನಿಂತಿದ್ದರೆ ಒಂದು ಹೆಸರಿಗೂ ತಡವರಿಸುತ್ತಿರಲಿಲ್ಲ.

ಅಂಥವನ ಶಾಸನಕ್ಕೆ ಆದದ್ದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿರುವ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಅವನ ಹಿರಿಮೆ, ಯುದ್ಧಗಳನ್ನು ಹೇಳುವ ಬರಹವಿತ್ತು. ಮುಂದೆ ಹೆಗ್ಗಡೆ ಕಣ್ಣ ಎಂಬುವನು ತನ್ನ ಎರಡೂವರೆ ಸಾಲಿನ ಬರಹಕ್ಕಾಗಿ ಕಂಬದ ಮೂರು ಬದಿಯ ಅಕ್ಷರಗಳನ್ನು ಕೆತ್ತಿ ಹಾಕಿಸಿದನೆಂದು ಶಾಸನತಜ್ಞರು ಹೇಳುತ್ತಾರೆ. ಉಳಿದದ್ದು ಒಂದು ಬದಿ. ಆ ಕಂಬದ ನುಣುಪಾದ ಬದಿಯ ಮೇಲೆ ಕೈಯಾಡಿಸಿದಾಗಲೆಲ್ಲ ಅಲ್ಲಿ ಯಾವ ಯುದ್ಧವಿತ್ತೋ, ಎದುರು ನಿಂತವನ ಹೆಸರೇನಿತ್ತೋ ಎಂದು ಮನಸ್ಸು ಹುಡುಕುತ್ತದೆ.

ಸೋತವನನ್ನು ಎತ್ತಿದ ಕವಿ

ಎದುರಿನ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಬರಹವಿದೆ. ಅದು ರನ್ನನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಚಾವುಂಡರಾಯನ ಆಶ್ರಯದಲ್ಲಿದ್ದ ಈ ಕವಿ ‘ಗದಾಯುದ್ಧ’ ಬರೆದದ್ದು ಭೀಮನ ಗೆಲುವನ್ನು ಹಾಡಲು. ಭೀಮನ ಹಿಂದಿನ ಲೆಕ್ಕ ನೋಡಿ: ಹಿಡಿಂಬ, ಬಕ, ಜರಾಸಂಧ, ಕೀಚಕ. ಇಷ್ಟು ಭಾರಿ ಹೆಸರುಗಳಿರುವ ಮಲ್ಲ ಇನ್ನೊಬ್ಬನಿಲ್ಲ. ಆದರೂ ಕೊನೆಯ ಎದುರಾಳಿ ಹಗುರಾದರೆ ಕಾವ್ಯವೇ ಹಗುರಾಗುತ್ತದೆಂದು ರನ್ನನಿಗೆ ಗೊತ್ತಿತ್ತು. ಅವನ ದುರ್ಯೋಧನ ಗುರು ಹಿರಿಯರ, ತಮ್ಮನ, ಮಗನ, ಗೆಳೆಯ ಕರ್ಣನ ಹೆಣಗಳ ನಡುವೆ ನಡೆದು ಬರುತ್ತಾನೆ. ಅಷ್ಟು ಕಳೆದುಕೊಂಡರೂ ಛಲ ಬಿಡುವುದಿಲ್ಲ. ಓದುಗನ ಕಣ್ಣು ಒದ್ದೆಯಾಗುವುದು ಅವನಿಗಾಗಿ.

ಅಂಥವನನ್ನು ಭೀಮ ಕೆಡವಿದ್ದು ತೊಡೆಗೆ ಹೊಡೆದು. ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯುವಂತಿಲ್ಲ, ಬಾಕ್ಸಿಂಗಿನಲ್ಲೂ ಬೆಲ್ಟಿನ ಕೆಳಗೆ ಹೊಡೆಯುವಂತಿಲ್ಲ. ಇಬ್ಬರಿಗೂ ಗುರುವಾಗಿದ್ದ ಬಲರಾಮ ಸಿಟ್ಟಿಗೆದ್ದದ್ದು ಅದಕ್ಕೇ. ಎದುರಾಳಿಯ ತೂಕ ಎಷ್ಟೇ ಇರಲಿ, ಅವನನ್ನು ಕೆಡವಿದ ಬಗೆ ಸರಿಯಿಲ್ಲದಿದ್ದರೆ ಆ ತೂಕ ಗೆದ್ದವನ ತಟ್ಟೆಗೆ ಪೂರ್ತಿ ಬಂದು ಬೀಳುವುದಿಲ್ಲ.

ಬೆಟ್ಟದ ಮೇಲಿನ ಮಲ್ಲ

ಈ ಸೀಮೆಯ ಅತಿ ದೊಡ್ಡ ಮಲ್ಲ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ನಿಂತಿದ್ದಾನೆ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಬಾಹುಬಲಿಯನ್ನು ನಾವು ತ್ಯಾಗಮೂರ್ತಿಯೆಂದು ಪೂಜಿಸುತ್ತೇವೆ. ತ್ಯಾಗದ ಹಿಂದಿನ ಗಳಿಗೆಯಲ್ಲಿ ಒಂದು ಕುಸ್ತಿ ಇತ್ತೆಂಬುದನ್ನು ಮರೆಯುತ್ತೇವೆ.

ಎದುರಾಳಿ ಅಣ್ಣ ಭರತ. ಅವನ ಲೆಕ್ಕ ನೋಡಿ. ಷಟ್ಖಂಡಗಳನ್ನು ಗೆದ್ದ ಚಕ್ರವರ್ತಿ. ದಿಗ್ವಿಜಯದ ಕೊನೆಗೆ ತನ್ನ ಹೆಸರು ಕೆತ್ತಿಸಲೆಂದು ವೃಷಭಾಚಲಕ್ಕೆ ಹೋದ. ಅಲ್ಲಿ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರು, ಕೆತ್ತಲು ಅಂಗೈಯಗಲ ಜಾಗವಿಲ್ಲ. ಗರ್ವ ಇಳಿಯಿತು. ಕೊನೆಗೆ ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆದ. ಜಿನಸೇನರೂ ಪಂಪನೂ ಹೇಳಿದ ಈ ಕತೆ, ಹೆಗ್ಗಡೆ ಕಣ್ಣ ಕೆತ್ತಿ ಹಾಕಿಸಿದ ಕಂಬ ಇರುವ ಬೆಟ್ಟದ ಮೇಲೆಯೇ ನೆನಪಾಗುತ್ತದೆ.

ಅಂಥ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525. ಆ 25 ಬಿಲ್ಲಿನ ಅಂತರವೇ ಮೊದಲೆರಡನ್ನು ತೀರ್ಮಾನಿಸಿತು. ತಲೆಯೆತ್ತಿ ನೋಡುವ ಅಣ್ಣನ ಕಣ್ಣು ಸೋತಿತು, ಅವನು ಎರಚಿದ ನೀರು ತಮ್ಮನ ಮುಖ ಮುಟ್ಟಲಿಲ್ಲ. ನಿಲುವಿನ ಲಾಭವಿಲ್ಲದೆ ತೋಳಿಗೆ ತೋಳು ಕೊಟ್ಟ ನಿಜವಾದ ಪರೀಕ್ಷೆ ಮೂರನೆಯದು. ಬಾಹುಬಲಿ ಅಣ್ಣನನ್ನು ಅನಾಮತ್ತಾಗಿ ಮೇಲಕ್ಕೆತ್ತಿದ. ಇನ್ನೊಂದು ಕ್ಷಣದಲ್ಲಿ ಚಿತ್. ಆದರೆ ಅವನು ಎತ್ತಿದ್ದನ್ನು ನೆಲಕ್ಕೆ ಬಡಿಯಲಿಲ್ಲ. ಕೈಯಲ್ಲಿರುವುದು ಯಾರು ಎಂದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಿತು. ಹಿರಿಯ, ಚಕ್ರವರ್ತಿ, ತನ್ನ ಅಣ್ಣ. ಮೆಲ್ಲಗೆ ಇಳಿಸಿದ. ಮುಂದಿನದು ಚಕ್ರರತ್ನ, ವೈರಾಗ್ಯ, ಮೈಗೆ ಹಬ್ಬಿದ ಬಳ್ಳಿ. ಎದುರಾಳಿಯ ತೂಕವನ್ನು ಅವನನ್ನು ಎತ್ತಿ ಹಿಡಿದಾಗಲೇ ಅರಿತವನು ಬಾಹುಬಲಿ. ನಾವು ಉಳಿದವರು ಕೆಡವಿ ಆದ ಮೇಲೆ, ಅದೂ ಯಾರಾದರೂ ಕೇಳಿದರೆ, ಲೆಕ್ಕ ಹಾಕುತ್ತೇವೆ.

ಹದಿನೆಂಟನೆಯವನು

ಆ ಸಂಜೆ ಅರಕಲಗೂಡಿನ ಕೆಮ್ಮಣ್ಣಿನಲ್ಲಿ ಹದಿನೇಳು ಗೆದ್ದವನೂ ಎರಡು ಬಿದ್ದವನೂ ಕೈ ಕುಲುಕಿದರು. ತಮಟೆ ಏರಿತು. ಮೊದಲ ಹತ್ತು ನಿಮಿಷ ಹಾಸನದವನದೇ ಮೇಲುಗೈ. ಎರಡು ಸಲ ನಮ್ಮ ಹುಡುಗನ ಒಂದು ಭುಜ ಮಣ್ಣು ಮುಟ್ಟಿತು, ಇನ್ನೊಂದನ್ನು ಅವನು ಹೇಗೋ ಉಳಿಸಿಕೊಂಡ. ಬೆವರಿಗೆ ಮಣ್ಣು ಮೆತ್ತಿ ಯಾರ ಬೆನ್ನು ಯಾರದೆಂದು ತಿಳಿಯದಾಯಿತು. ಕತ್ತಲಾಗುವ ಹೊತ್ತಿಗೆ ನಮ್ಮ ಹುಡುಗ ಕಾಲಿಗೆ ಕಾಲು ಸಿಕ್ಕಿಸಿ ಒಂದು ಎಳೆತ ಎಳೆದ, ಹಾಸನದವನು ಅಂಗಾತ ಬಿದ್ದ. ಜನ ಕೂಗಿದರು. ಊರಿನವರು ಹುಡುಗನನ್ನು ಹೆಗಲ ಮೇಲೆ ಹೊತ್ತರು.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವನು ಹೆಗಲಿನಿಂದ ಇಳಿದು ಬೋರ್‌ವೆಲ್ಲಿನ ಪೈಪಿನ ಬಳಿ ಹೋಗಿದ್ದ. ಅಲ್ಲಿ ಸೋತವನು ಬೆನ್ನಿನ ಮಣ್ಣು ತೊಳೆಯುತ್ತಿದ್ದ. ಕೈಗೆಟುಕದ ಕಡೆ ಇವನೇ ನೀರು ಎರಚಿ ಉಜ್ಜಿದ. ಆಮೇಲೆ ಕೇಳಿದ:

“ನಿನ್ನೆಸ್ರು ಏನಣ್ಣ? ಯಾವ ಗರಡಿ?”

ಅವನು ಹೇಳಿದ. ಹುಡುಗ ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡ.